ಡಾಕ್ಟರ ಹೆಂಡತಿಯ ಊರು

ಭಾವ ತೀರಿಕೊಂಡ ಸುದ್ದಿ ಬಂದಾಗ ನಾನು ಟೆಕ್ಸಸ್ಸಿನಲ್ಲಿ, ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನ ನಮ್ಮ ಮನೆಯಲ್ಲಿ ಒಗೆದ ಬಟ್ಟೆ ಮಡಚುತ್ತಿದ್ದೆ. ಫೋನು ಮಾಡಿದವಳು ಅಕ್ಕನೇ. "ಬೆಳಿಗ್ಗೆ ಕ್ಲಿನಿಕ್ಕಿಗೆ ಹೋಗೋಕೆ ಅಂತ ಕೂತು ಷೂ ಹಾಕ್ಕೋತಾ ಇದ್ರು ಕಣೇ. ಹಾಗೇ ಗೋಡೆಗೆ ಒರಗಿದ್ರು. ಅಷ್ಟೇ," ಅಂದಳು. ಅವಳ ದನಿಯಲ್ಲಿ ಅಳು ಇರಲಿಲ್ಲ. ಅತ್ತವಳು ನಾನು.

ನನಗೆ ಹೋಗಲು ಆಗಲಿಲ್ಲ. ನಮ್ಮ ಗ್ರೀನ್ ಕಾರ್ಡಿನ ಅರ್ಜಿ ಆಗ ಅರ್ಧ ದಾರಿಯಲ್ಲಿತ್ತು. ಅನುಮತಿ ಪತ್ರವಿಲ್ಲದೆ ದೇಶ ಬಿಟ್ಟರೆ ಮತ್ತೆ ಒಳಗೆ ಬಿಡುವುದಿಲ್ಲ ಎಂದು ವಕೀಲರು ಹೇಳಿದ್ದರು. ಹ್ಯೂಸ್ಟನ್‌ನಲ್ಲಿದ್ದ ತಮ್ಮ ಎರಡು ದಿನದ ಮಟ್ಟಿಗೆ ಹೋಗಿ ಬಂದ. ಮೈಸೂರಿನಿಂದ ಭಾವನ ತಮ್ಮ ಬಂದು ಅಸ್ಥಿ ತೆಗೆದುಕೊಂಡು ಹೋದರು. ಆಮೇಲೆ ಅಕ್ಕ ಒಬ್ಬಳೇ ಆ ಹಳ್ಳಿಯಲ್ಲಿ ಉಳಿದಳು.

ಅವಳು ನನಗಿಂತ ಬಹಳ ದೊಡ್ಡವಳು. ನಾನು ಇನ್ನೂ ಮಿಡ್ಲ್ ಸ್ಕೂಲಿನಲ್ಲಿದ್ದಾಗ ಮದುವೆಯಾಗಿ ಇಂಗ್ಲೆಂಡಿಗೆ ಹೋದವಳು. ಇಂಗ್ಲೆಂಡು ಅಂದರೆ ಲಂಡನ್ನಲ್ಲ. ವೇಲ್ಸಿನ ಗಡಿಗೆ ಹತ್ತಿರ, ರೈಲೂ ಹೋಗದ ಒಂದು ಹಳ್ಳಿ. ಅಲ್ಲಿಗೂ ಸುತ್ತಲಿನ ಹಳ್ಳಿಗಳಿಗೂ ಭಾವನೊಬ್ಬರೇ ಡಾಕ್ಟರು. ಅವರಿಗೆ ಮಕ್ಕಳಾಗಲಿಲ್ಲ. ನಾಲ್ಕೈದು ವರ್ಷಕ್ಕೊಮ್ಮೆ ಮೈಸೂರಿಗೆ ಬರುತ್ತಿದ್ದರು. ಬಂದಾಗಲೂ ಭಾವ ತಮ್ಮ ರೋಗಿಗಳ ಮಾತೇ ಆಡುತ್ತಿದ್ದರು. ಒಬ್ಬ ಮುದುಕಿಯ ಮಂಡಿನೋವು, ಯಾರದೋ ಹಸುಗೂಸಿನ ಕೆಮ್ಮು. ಅಕ್ಕ ಪಕ್ಕದಲ್ಲಿ ಸುಮ್ಮನೆ ಕೂತಿರುತ್ತಿದ್ದಳು.

ಚಳಿಗಾಲವಿಡೀ ನಾನೂ ತಮ್ಮನೂ ಫೋನಿನಲ್ಲಿ ಅದನ್ನೇ ಮಾತಾಡಿದೆವು. ಅವನು ಹ್ಯೂಸ್ಟನ್ನಿನ ಎನರ್ಜಿ ಕಾರಿಡಾರ್ ಎಂಬ ಬಡಾವಣೆಯ ಒಂದು ಎಣ್ಣೆ ಕಂಪನಿಯಲ್ಲಿ ಎಂಜಿನಿಯರು. ಮಾತು ಕಡಿಮೆ, ತೀರ್ಮಾನ ಬೇಗ.

"ಅವಳು ಅಲ್ಲಿ ಒಬ್ಬಳೇ ಏನ್ ಮಾಡ್ತಾಳೆ? ಇಲ್ಲಿ ನಾವಿಬ್ಬರು ಇದೀವಿ. ನೀನು ಹೋಗಿ ಕರ್ಕೊಂಡು ಬಾ. ನನ್ನ ಮಾತು ಕೇಳಲ್ಲ, ನಿನ್ನ ಮಾತು ಕೇಳ್ತಾಳೆ," ಅಂದ.

ಮಾರ್ಚಿನಲ್ಲಿ ಅನುಮತಿ ಪತ್ರ ಬಂತು, ಇಂಗ್ಲೆಂಡಿನ ವೀಸಾ ಕೂಡ ಸಿಕ್ಕಿತು. ನನ್ನ ಗಂಡ ಡಲ್ಲಾಸಿನ ತನಕ ಡ್ರೈವ್ ಮಾಡಿಕೊಂಡು ಬಂದು ವಿಮಾನ ಹತ್ತಿಸಿದರು. ಟೆಕ್ಸಸ್ಸಿನಲ್ಲಿ ಆಗ ಹೆದ್ದಾರಿಯ ಎರಡೂ ಬದಿಗೆ ಕಾಡುಹೂವು ಬಿಟ್ಟು ನೀಲಿಯಾಗಿತ್ತು. ಇಂಗ್ಲೆಂಡಿನಲ್ಲಿ ಇಳಿದರೆ ಆಕಾಶವೇ ಇರಲಿಲ್ಲ. ಲಂಡನ್ನಿನಿಂದ ಹೊರಟ ರೈಲಿನ ಕಿಟಕಿಯಲ್ಲಿ ಹೊಲಗಳು ಕಾಣುತ್ತಿದ್ದವು, ಹೊಲದ ತುಂಬ ನೀರು ನಿಂತಿತ್ತು, ಒಂದು ಕುರಿ ಕೂಡ ಕಾಣಲಿಲ್ಲ. ಆ ವಸಂತದಲ್ಲಿ ಇಂಗ್ಲೆಂಡಿನ ದನಕುರಿಗಳಿಗೆ ಕಾಲುಬಾಯಿ ಜ್ವರ ಬಂದಿತ್ತು.

ಹತ್ತಿರದ ಪೇಟೆಯ ಸ್ಟೇಷನ್ನಿಗೆ ಅಕ್ಕ ಬಂದಿದ್ದಳು. ಸೀರೆಯ ಮೇಲೆ ಭಾವನ ಕಂದು ಓವರ್‌ಕೋಟು ಹಾಕಿದ್ದಳು. ತೋಳು ಉದ್ದವಾಗಿ ಬೆರಳಿನ ತುದಿ ಮಾತ್ರ ಕಾಣುತ್ತಿತ್ತು. ಜೊತೆಯಲ್ಲಿ ಒಬ್ಬ ಎತ್ತರದ ವಯಸ್ಸಾದ ಹೆಂಗಸು ಇದ್ದರು. ಅಕ್ಕನ ಪಕ್ಕದ ಮನೆಯವರು, ನಿವೃತ್ತ ಮೇಷ್ಟರಮ್ಮ, ಚರ್ಚಿನಲ್ಲಿ ಆರ್ಗನ್ ನುಡಿಸುವವರು. ಅಕ್ಕನಿಗೆ ಡ್ರೈವಿಂಗ್ ಬರುತ್ತಿರಲಿಲ್ಲವಾದ್ದರಿಂದ ಆಕೆಯೇ ಕಾರು ತಂದಿದ್ದರು. ಹಿಂದಿನ ಸೀಟಿನಲ್ಲಿ ಕೂತ ಅಕ್ಕ ನನ್ನ ಕೈ ಹಿಡಿದುಕೊಂಡಳು. "ಊಟ ಮಾಡಿದ್ಯಾ? ವಿಮಾನದಲ್ಲಿ ಏನು ಕೊಟ್ರು?" ಎಂದಷ್ಟೇ ಕೇಳಿದಳು.

ಹಳ್ಳಿಗೆ ಒಂದೇ ಬೀದಿ. ಒಂದು ತುದಿಯಲ್ಲಿ ಚರ್ಚು, ಇನ್ನೊಂದು ತುದಿಯಲ್ಲಿ ಪಬ್ಬು, ನಡುವೆ ಅಂಗಡಿಯೂ ಆಗಿದ್ದ ಒಂದು ಪೋಸ್ಟಾಫೀಸು. ಮನೆಗಳೆಲ್ಲ ಕಪ್ಪು ಮರದ ಚೌಕಟ್ಟಿನವು, ಸ್ವಲ್ಪ ವಾಲಿದಂಥವು. ಕ್ಯಾಲೆಂಡರಿನಲ್ಲಿ ನೋಡಿದ್ದರೆ ಚೆನ್ನಾಗಿದೆ ಅನ್ನುತ್ತಿದ್ದೆ. ಆದರೆ ಅವತ್ತು ಜಿಟಿಜಿಟಿ ಮಳೆ, ಬೀದಿಯಲ್ಲಿ ಯಾರೂ ಇಲ್ಲ. ರೋಗ ಹರಡದಿರಲೆಂದು ಪ್ರತಿ ಹೊಲದ ಗೇಟಿನ ಮುಂದೆಯೂ ಔಷಧಿ ಹಾಕಿದ ಹುಲ್ಲು ಹಾಸಿದ್ದರು. ಅದರ ಮೇಲೆ ಹಾದು ಹೋಗುವಾಗ ಆಸ್ಪತ್ರೆಯ ವಾಸನೆ. ಕಾಲುದಾರಿ ಮುಚ್ಚಿದೆ ಎಂಬ ಕೆಂಪು ಬೋರ್ಡು ಎಲ್ಲೆಲ್ಲೂ. ಭಾವನ ಕ್ಲಿನಿಕ್ಕಿನ ಬಾಗಿಲಲ್ಲಿ ಹೊಸ ಡಾಕ್ಟರ ಹೆಸರಿತ್ತು. ಅದರ ಮುಂದೆ ಹೋಗುವಾಗ ಅಕ್ಕ ಇನ್ನೊಂದು ಕಡೆ ನೋಡಿದಳು.

ಮನೆಯಲ್ಲಿ ಭಾವನ ಕುರ್ಚಿ, ಭಾವನ ಕನ್ನಡಕ, ಫೋನಿನ ಪಕ್ಕ ಭಾವನ ಟಾರ್ಚು, ಎಲ್ಲ ಇದ್ದಲ್ಲೇ ಇದ್ದವು. ಅನ್ನ, ತಿಳಿಸಾರು, ಆಲೂಗೆಡ್ಡೆ ಪಲ್ಯ ಬಡಿಸಿದಳು. ನಾನು ಬಂದ ಉದ್ದೇಶ ಅವಳಿಗೆ ಗೊತ್ತಿತ್ತು. ನಾನು ಬಾಯಿ ತೆಗೆಯುವ ಮೊದಲೇ ಅಂದಳು:

"ನೀನು ಯಾಕೆ ಬಂದಿದ್ದೀಯ ಅಂತ ತಮ್ಮ ಫೋನಿನಲ್ಲಿ ಹೇಳಿದ. ಅದನ್ನ ಆಮೇಲೆ ಮಾತಾಡೋಣ. ಮೊದಲು ನಿನಗೆ ಊರು ತೋರಿಸ್ತೀನಿ."

"ಈ ಮಳೇಲಾ?"

"ಇಲ್ಲಿ ಮಳೆ ನಿಲ್ಲಲಿ ಅಂತ ಕೂತ್ರೆ ಎಲ್ಲಿಗೂ ಹೋಗೋಕಾಗಲ್ಲ. ಕೋಟೆ ಇದೆ. ಕಬ್ಬಿಣದ ಸೇತುವೆ ಇದೆ. ಹಾಳುಬಿದ್ದ ಮಠ ಒಂದಿದೆ. ನೋಡೋಕೆ ಅಮೆರಿಕದಿಂದೆಲ್ಲ ಬರ್ತಾರೆ."

"ನೀನು ತುಂಬ ಸಲ ನೋಡಿರ್ತೀಯ."

ಅಕ್ಕ ತಟ್ಟೆಯಲ್ಲಿದ್ದ ಅನ್ನವನ್ನು ಒಂದು ಕಡೆಗೆ ಸರಿಸಿದಳು. "ಒಂದೂ ನೋಡಿಲ್ಲ," ಅಂದಳು. "ಮುಂದಿನ ವಾರ ಹೋಗೋಣ ಅಂತಿದ್ರು. ಹೊರಡೋ ಹೊತ್ತಿಗೆ ಫೋನ್ ಬರ್ತಿತ್ತು. ನಾನೊಬ್ಬಳೇ ಹೋಗಬಹುದಿತ್ತು. ಆದರೆ ಅವರು ಮನೆಗೆ ಬಂದಾಗ ನಾನಿಲ್ದೇ ಇದ್ರೆ ಅಂತ."

ಹೀಗೆ, ಇಷ್ಟು ವರ್ಷ ಇದ್ದ ಊರಿನ ಸುತ್ತಮುತ್ತವನ್ನು ಅಕ್ಕ ಮೊದಲ ಸಲ ನೋಡಿದ್ದು ನನ್ನ ಜೊತೆ.

ಮೊದಲು ಕೋಟೆಗೆ ಹೋದೆವು. ಅದು ಪೇಟೆಯ ಮಧ್ಯೆಯೇ ಇದ್ದುದರಿಂದ ಮುಚ್ಚಿರಲಿಲ್ಲ. ಬಸ್ಸು ವಾರಕ್ಕೆರಡು ದಿನ ಮಾತ್ರ. ಬಸ್ಸಿನಲ್ಲಿ ನಾವಿಬ್ಬರು ಮತ್ತು ಮೂವರು ಮುದುಕಿಯರು. ಮೂವರೂ ಅಕ್ಕನನ್ನು ಮಾತಾಡಿಸಿದರು. ಮೂವರೂ ಭಾವನ ವಿಷಯ ತೆಗೆದರು. ಒಬ್ಬಾಕೆ, "ಹೊಸ ಡಾಕ್ಟರು ಒಳ್ಳೆಯವರೇ, ಆದರೆ ನಮ್ಮ ಮುಖ ನೋಡೋದಿಲ್ಲ, ಕಂಪ್ಯೂಟರ್ ನೋಡ್ತಾರೆ," ಅಂದರು. ಅಕ್ಕ ನಗುತ್ತ ತಲೆಯಾಡಿಸಿದಳು. ಆಕೆ ಇಳಿದ ಮೇಲೆ ನಗು ಹೋಯಿತು.

ಕೋಟೆಗೆ ಸೂರಿರಲಿಲ್ಲ. ದೊಡ್ಡ ಸಭಾಂಗಣದ ಗೋಡೆಯಲ್ಲಿ ಒಲೆಯ ಗೂಡೊಂದು ಮೇಲೆ ನೇತುಬಿದ್ದ ಹಾಗಿತ್ತು. ಅದರ ಕೆಳಗಿನ ಮಹಡಿಯ ನೆಲವೇ ಕುಸಿದುಹೋಗಿತ್ತು. ಕಾಗೆಗಳು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಅಕ್ಕ ಗೋಪುರ ಹತ್ತುತ್ತೇನೆ ಅಂದಳು. ಕಿರಿದಾದ ಸುತ್ತುಮೆಟ್ಟಿಲು. ಒಂದು ಕೈಯಲ್ಲಿ ನೆರಿಗೆ ಎತ್ತಿಕೊಂಡು ಇನ್ನೊಂದು ಕೈಯಲ್ಲಿ ಹಗ್ಗ ಹಿಡಿದು ಏದುಸಿರು ಬಿಡುತ್ತ ಹತ್ತಿದಳು. ಮೇಲಿನಿಂದ ನಮ್ಮ ಹಳ್ಳಿ ಕಾಣುತ್ತದೆ ಎಂದು ಭಾವ ಹೇಳಿದ್ದರಂತೆ. ಕಾಣಲಿಲ್ಲ. ಮಂಜು ಮುಸುಕಿತ್ತು. ಆ ಮಂಜಿನಲ್ಲಿ ಒಂದು ಕಡೆ ಮಾತ್ರ ಬಣ್ಣ ಬೇರೆಯಾಗಿ, ಕಪ್ಪಗೆ ಮೇಲೇಳುತ್ತಿತ್ತು.

"ಅದೇನು?" ಎಂದೆ.

"ಜ್ವರ ಬಂದ ದನ ಕೊಂದು ಸುಡ್ತಾ ಇದಾರೆ," ಅಂದಳು ಅಕ್ಕ.

ಸೇತುವೆ ಇನ್ನೂ ದೂರ. ಎರಡು ಬಸ್ಸು ಬದಲಾಯಿಸಿ ಹೋದೆವು. ಜಗತ್ತಿನ ಮೊಟ್ಟಮೊದಲ ದೊಡ್ಡ ಕಬ್ಬಿಣದ ಸೇತುವೆ ಎಂದು ಬೋರ್ಡಿನಲ್ಲಿ ಬರೆದಿತ್ತು. ಕೆಳಗೆ ನದಿ ತುಂಬಿ, ಕೆಂಪು ಮಣ್ಣಿನ ನೀರು ಮರದ ಕೊಂಬೆಗಳನ್ನು ಎಳೆದುಕೊಂಡು ಹೋಗುತ್ತಿತ್ತು. ನಾನು ಕ್ಯಾಮೆರಾ ತೆಗೆದು ಅಕ್ಕನಿಗೆ ನಿಲ್ಲು ಅಂದೆ. ಅವಳು ಕೋಟಿನ ಕಾಲರು ಸರಿ ಮಾಡಿಕೊಂಡು ನಿಂತಳು. ಒಂದೆರಡು ಫೋಟೋ ತೆಗೆದ ಮೇಲೆ, "ಸಾಕು ಬಾ," ಅಂದಳು. ಕಂಬಿಗೆ ಒರಗಿ ಬಹಳ ಹೊತ್ತು ನೀರನ್ನೇ ನೋಡಿದಳು.

"ಇಲ್ಲಿನವರು ನನ್ನನ್ನ ಚೆನ್ನಾಗಿ ನೋಡ್ಕೊಂಡ್ರು ಕಣೇ," ಎಂದು ಶುರು ಮಾಡಿದಳು. "ಒಂದು ದಿನಾನೂ ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ಹುಷಾರಿಲ್ದೇ ಇದ್ರೆ ಬಾಗಿಲಿಗೆ ಹಣ್ಣು ತಂದಿಟ್ಟು ಹೋಗೋರು. ಆದರೆ ನಿನ್ನ ಭಾವನಿಗೆ ಇಡೀ ಊರು ಗೊತ್ತಿತ್ತು. ನನಗೆ ಅವರೊಬ್ಬರೇ ಗೊತ್ತಿದ್ದದ್ದು."

ಅದೇ ಸರಿಯಾದ ಸಮಯ ಅಂದುಕೊಂಡು ನಾನು ಮಾತು ತೆಗೆದೆ. "ಅದಕ್ಕೇ ಹೇಳೋದು ಅಕ್ಕ. ನಮ್ಮಲ್ಲಿಗೆ ಬಾ. ನನ್ನ ಮಗಳಿದ್ದಾಳೆ. ತಮ್ಮನ ಮನೆ ಇದೆ. ಅಷ್ಟು ಜನ ಕನ್ನಡದವರಿದ್ದಾರೆ. ನಾನು ಬರೋ ಮುಂಚೆ, ಎದುರಿಗೆ ಕೂತು ಕನ್ನಡದಲ್ಲಿ ಮಾತಾಡಿ ಎಷ್ಟು ದಿನ ಆಗಿತ್ತು ನಿನಗೆ?"

"ಅವರು ಹೋದಾಗಿನಿಂದ ಆಡಿರಲಿಲ್ಲ," ಅಂದಳು.

ಹಾಳುಬಿದ್ದ ಮಠ ಹಳ್ಳಿಗೆ ಹತ್ತಿರವೇ ಇತ್ತು, ನಡೆದು ಹೋಗುವಷ್ಟು. ಹಿಂದೆ ಕ್ರಿಸ್ತ ಸನ್ಯಾಸಿಗಳು ಇದ್ದ ಜಾಗ. ಆದರೆ ದಾರಿ ಹೊಲದ ನಡುವಿನಿಂದ. ಗೇಟಿಗೆ ಟೇಪು ಸುತ್ತಿ, ದಾಟಿದರೆ ದಂಡವೆಂದು ಬರೆದಿದ್ದರು. ರಸ್ತೆಯ ಮೇಲೆ ನಿಂತು ದೂರದಿಂದ ನೋಡಿದೆವು. ಹುಲ್ಲಿನ ನಡುವೆ ನಾಲ್ಕಾರು ಕಮಾನು, ಅರ್ಧ ಗೋಡೆ. ನಮ್ಮ ಕಾಲ ಬಳಿ ರಸ್ತೆಯ ನೀರು ಹರಿದು ಹೋಗುತ್ತಿತ್ತು. ನನಗೆ ಅಷ್ಟೇನೂ ಬೇಸರವಾಗಲಿಲ್ಲ, ಹಾಳು ಗೋಡೆ ನೋಡಿ ಸಾಕಾಗಿತ್ತು. ಅಕ್ಕ ಮಾತ್ರ ಟೇಪು ಹಿಡಿದು ನಿಂತೇ ಇದ್ದಳು.

ಮಠದ ಪಕ್ಕದ ಹೊಲ ಒಬ್ಬ ವಯಸ್ಸಾದ ರೈತರದು. ಹೆಂಡತಿ ಇಲ್ಲ, ಮಗಳು ನ್ಯೂಜಿಲೆಂಡಿನಲ್ಲಿ. ಭಾವನ ಹಳೆಯ ರೋಗಿ, ಆಮೇಲೆ ಸ್ನೇಹಿತ. ಪ್ರತಿ ಭಾನುವಾರ ಹಾಲು ತಂದುಕೊಟ್ಟು, ಅಡುಗೆಮನೆಯಲ್ಲಿ ಕೂತು ಒಂದು ಮಗ್ ತಿಳಿಸಾರು ಕುಡಿದು ಹೋಗುತ್ತಿದ್ದರಂತೆ. ನಮ್ಮ ತಿಳಿಸಾರಿಗೆ ಆ ಊರಿನಲ್ಲಿ ಡಾಕ್ಟರ ಮನೆಯ ಸೂಪು ಎಂದು ಹೆಸರು. ಅವರ ಹಸುಗಳಿಗೆ ಜ್ವರ ಬಂದಿರಲಿಲ್ಲ. ಬಂದದ್ದು ಬೇಲಿಯ ಆಚೆಯವರ ಮಂದೆಗೆ. ಆದರೆ ಪಕ್ಕದ ಮಂದೆಯನ್ನೂ ಕೊಲ್ಲಬೇಕೆಂದು ಸರ್ಕಾರದ ಆದೇಶವಾಗಿತ್ತು. ಈ ವಿಷಯ ಹೇಳಲು ಆರ್ಗನ್ ನುಡಿಸುವ ಪಕ್ಕದ ಮನೆಯಾಕೆ ಬೆಳಿಗ್ಗೆ ಬಂದರು. "ಇವತ್ತೇ ಅಂತೆ," ಎಂದು ಹೇಳಿ, ಟೀ ಕೂಡ ಬೇಡವೆಂದು ಹೊರಟುಹೋದರು.

ಸ್ವಲ್ಪ ಹೊತ್ತಿಗೆ ಬಿಳಿಯ ಉಡುಪಿನವರು ತುಂಬಿದ್ದ ಎರಡು ವ್ಯಾನು ಬೀದಿಯಲ್ಲಿ ಹೋದವು. ಆಮೇಲೆ ಸದ್ದು ಶುರುವಾಯಿತು. ಬಂದೂಕಿನ ಸದ್ದು ದೊಡ್ಡದಾಗಿರುತ್ತದೆ ಅಂದುಕೊಂಡಿದ್ದೆ. ಇದು ಹಾಗಿರಲಿಲ್ಲ, ದೂರದಲ್ಲಿ ಯಾರೋ ಹಲಗೆಗೆ ಮೊಳೆ ಹೊಡೆದ ಹಾಗಿತ್ತು. ಒಂದು, ಸ್ವಲ್ಪ ಬಿಡುವು, ಮತ್ತೊಂದು. ಬೀದಿಯ ಮನೆಗಳೆಲ್ಲ ಕಿಟಕಿ ಮುಚ್ಚಿದ್ದವು. ಅಕ್ಕ ಬೇಳೆ ತೊಳೆಯುತ್ತಿದ್ದಳು. ತೊಳೆದ ಬೇಳೆಯನ್ನೇ ಮತ್ತೆ ಮತ್ತೆ ತೊಳೆದಳು.

"ನಮ್ಮನೆ ಹಸುಗೆ ಬಂದಿತ್ತಲ್ಲ, ನೆನಪಿದೆಯಾ ನಿನಗೆ?" ಅಂದಳು.

ನನಗೆ ನೆನಪಿರಲಿಲ್ಲ. ನಾನು ಆಗ ಕೂಸು.

"ಬಾಯೆಲ್ಲ ಹುಣ್ಣು, ಜೊಲ್ಲು ಸುರಿಸ್ತಿತ್ತು. ಗೊರಸಿನ ಸಂದೀಲಿ ಹುಳ ಬಿದ್ದಿತ್ತು. ಅಮ್ಮ ಬಾಯಿಗೆ ಜೇನುತುಪ್ಪ ಸವರೋರು. ರಾಗಿ ಗಂಜಿ ಕುಡಿಸೋರು. ಬೇವಿನ ಎಣ್ಣೆ ಬಟ್ಟೇಲಿ ಅದ್ದಿ ನಾನು ಕಾಲಿಗೆ ಕಟ್ತಿದ್ದೆ. ಹಾಲು ಬತ್ತಿಹೋಯ್ತು, ಆದರೆ ಹಸು ಬದುಕ್ತು. ಆಮೇಲೆ ಎರಡು ಕರು ಹಾಕ್ತು."

ಹೊರಗೆ ಮತ್ತೊಂದು ಸದ್ದು ಬಂತು.

"ಇವಕ್ಕೆ ಜ್ವರಾನೂ ಇಲ್ವಲ್ಲೇ," ಅಂದಳು ಅಕ್ಕ.

ಸದ್ದು ನಿಂತ ಮೇಲೆ, ಮಧ್ಯಾಹ್ನ ಕಳೆದು, ಅವಳು ಸಾರನ್ನು ಫ್ಲಾಸ್ಕಿಗೆ ತುಂಬಿದಳು. ಬೇಡ ಅಂದರೂ ಕೇಳಲಿಲ್ಲ. ಇಬ್ಬರೂ ಕೊಡೆ ಹಿಡಿದು ಹೊರಟೆವು. ಗೇಟಿನಲ್ಲಿ ಒಬ್ಬ ಪೊಲೀಸ್ ಇದ್ದ, ತೀರ ಚಿಕ್ಕ ವಯಸ್ಸಿನವನು. ಒಳಗೆ ಬಿಡುವುದಿಲ್ಲ, ಆದರೆ ಫ್ಲಾಸ್ಕು ಗೋಡೆಯ ಮೇಲಿಟ್ಟರೆ ತಾನು ನೋಡದ ಹಾಗಿರುತ್ತೇನೆ ಎಂದ. ಅಂಗಳದ ಆಚೆ ಕೊಟ್ಟಿಗೆಯ ಬಾಗಿಲಿಗೆ ನೀಲಿ ಟಾರ್ಪಾಲು ಕಟ್ಟಿದ್ದರು. ರೈತರು ಮನೆಯಿಂದ ಹೊರಬಂದು ಅಂಗಳದ ಮಧ್ಯಕ್ಕೆ ಬಂದು ನಿಂತರು. ಎತ್ತರದ ಆಳು, ಕೈ ಎರಡನ್ನೂ ಎಲ್ಲಿಡಬೇಕೋ ತಿಳಿಯದವರ ಹಾಗೆ ನಿಂತಿದ್ದರು.

"ಸೂಪು ತಂದಿದೀನಿ," ಎಂದು ಅಕ್ಕ ಇಂಗ್ಲಿಷಿನಲ್ಲಿ ಕೂಗಿ ಹೇಳಿದಳು.

"ಒಳ್ಳೆಯವರು ನೀವು," ಅಂದರು ಅವರು. ಆಮೇಲೆ ಕೊಟ್ಟಿಗೆಯ ಕಡೆ ನೋಡಿ, "ಬಹಳ ಸುಮ್ಮನೆ ನಿಂತಿದ್ದವು. ನಾನು ಅಲ್ಲೇ ಇದ್ದೆನಲ್ಲ, ಅದಕ್ಕೆ," ಅಂದರು. ಮತ್ತೆ, "ಡಾಕ್ಟರು ಇದ್ದಿದ್ದರೆ ಸಂಜೆ ಬಂದು ಕೂರುತ್ತಿದ್ದೆ," ಅಂದರು.

ಅಕ್ಕ ಫ್ಲಾಸ್ಕನ್ನು ಗೋಡೆಯ ಮೇಲಿಟ್ಟಳು. ರೈತರು ಟೋಪಿ ಮುಟ್ಟಿ ಒಳಗೆ ಹೋದರು. ವಾಪಸ್ಸು ಬರುವ ದಾರಿಯಲ್ಲಿ, ಕೊಡೆಯ ಅಡಿಯಲ್ಲಿ, ನನ್ನ ಮುಖ ನೋಡದೆ ಅಂದಳು:

"ಬರ್ತೀನಿ ಕಣೇ ನಿಮ್ಮ ಟೆಕ್ಸಸ್ಸಿಗೆ. ಇವರೆಲ್ಲ ನನ್ನ ಮುಖದಲ್ಲಿ ಅವರನ್ನ ಹುಡುಕ್ತಾರೆ. ನನ್ನ ಕೈಲಿ ಆಗಲ್ಲ."

ನಾನು ಬಂದ ಕೆಲಸ ಆಗಿತ್ತು. ತಮ್ಮನಿಗೆ ಪೋಸ್ಟಾಫೀಸಿನ ಹೊರಗಿನ ಫೋನಿನಿಂದ ತಿಳಿಸಿದೆ. ನಾನು ಡಲ್ಲಾಸಿನಲ್ಲಿ ಇಳಿದಾಗ ಕಸ್ಟಮ್ಸಿನವನು ರೈತರ ಹೊಲಕ್ಕೆ ಹೋಗಿದ್ದಿರಾ ಎಂದು ಕೇಳಿ, ಹೌದು ಅಂದದ್ದಕ್ಕೆ ನನ್ನ ಷೂ ತೆಗೆಸಿ ಔಷಧಿ ನೀರಿನಲ್ಲಿ ತೊಳೆದು ಕೊಟ್ಟ. ಒದ್ದೆ ಷೂನಲ್ಲೇ ಕಾರು ಹತ್ತಿದೆ.

ಅಕ್ಕ ಬಂದದ್ದು ಆಗಸ್ಟಿನಲ್ಲಿ. ಮನೆಯನ್ನು ಶಾಲಾ ಶಿಕ್ಷಕ ದಂಪತಿಗೆ ಬಾಡಿಗೆಗೆ ಕೊಟ್ಟು ಬಂದಿದ್ದಳು. ಸದ್ಯಕ್ಕೆ ಆರು ತಿಂಗಳ ವೀಸಾ, ಮುಂದಿನದನ್ನು ಆಮೇಲೆ ನೋಡೋಣ ಎಂದು ತಮ್ಮ ಹೇಳಿದ್ದ. ಆ ಬಿಸಿಲು ಅವಳಿಗೆ ಹೊಸದು. ಬೆಳಿಗ್ಗೆ ಬೇಗ ಎದ್ದು ವಾಕಿಂಗ್ ಹೋಗುತ್ತಿದ್ದಳು. ನಮ್ಮ ಕಾಲೊನಿಯಲ್ಲಿ ನಡೆಯುವವರೇ ಇರಲಿಲ್ಲ. ಒಂದೇ ಥರದ ಇಟ್ಟಿಗೆ ಮನೆಗಳು, ಮುಚ್ಚಿದ ಗ್ಯಾರೇಜುಗಳು. ಎರಡು ಸಲ ದಾರಿ ತಪ್ಪಿದಳು. ಸೀರೆ ಉಟ್ಟ ಹೆಂಗಸು ಒಬ್ಬಳೇ ನಡೆಯುತ್ತಿದ್ದರೆ ಕಾರಿನವರು ನಿಧಾನ ಮಾಡಿ, ಸಹಾಯ ಬೇಕೇ ಎಂದು ಕೇಳುತ್ತಿದ್ದರು. ಆ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಅವಳಿ ಗೋಪುರ ಉರುಳಿದ ಮೇಲೆ ಕೇಳುವುದೂ ನಿಂತು ಬರೀ ನೋಡತೊಡಗಿದರು. ವಾಕಿಂಗ್ ಬೇಡ ಎಂದು ನಾವೇ ಹೇಳಿದೆವು.

ನಾನು ಲೈಬ್ರರಿ ಕೆಲಸಕ್ಕೆ, ಗಂಡ ಆಫೀಸಿಗೆ, ಮಗಳು ಶಾಲೆಗೆ. ದಿನವಿಡೀ ಏಸಿಯ ಸದ್ದು ಕೇಳುತ್ತ ಅವಳು ಕೂತಿರುತ್ತಿದ್ದಳು. ಸಂಜೆ ಮಗಳ ಜೊತೆ ಕನ್ನಡದಲ್ಲಿ ಮಾತಾಡಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಕ್ರಮೇಣ ಅಕ್ಕನೂ ಇಂಗ್ಲಿಷಿಗೆ ತಿರುಗಿದಳು. "ದೊಡ್ಡಮ್ಮ ರಾಣಿ ಥರ ಮಾತಾಡ್ತಾರೆ" ಎಂದು ಮಗಳು ತನ್ನ ಗೆಳತಿಯರಿಗೆ ಹೇಳಿ ನಗುತ್ತಿದ್ದಳು. ಅಕ್ಕನಿಗೆ ಬೇಸರವೇನೂ ಆಗುತ್ತಿರಲಿಲ್ಲ. ಆ ಮನೆಯಲ್ಲಿ ಅವಳು ನಿಜವಾಗಿ ಇಷ್ಟಪಟ್ಟದ್ದು ಆ ಹುಡುಗಿಯ ಜೊತೆ ಕೂತು ಹೋಮ್‌ವರ್ಕ್ ನೋಡುವುದನ್ನು ಮಾತ್ರ.

ದೀಪಾವಳಿಗೆ ಆಸ್ಟಿನ್ನಿನ ಕನ್ನಡದವರೆಲ್ಲ ಒಂದು ಶಾಲೆಯ ಹಾಲಿನಲ್ಲಿ ಸೇರಿದೆವು. ಅಕ್ಕ ರೇಷ್ಮೆ ಸೀರೆ ಉಟ್ಟು ಬಂದಳು. ನನ್ನ ವಯಸ್ಸಿನ ಹೆಂಗಸರು ಸುತ್ತ ಕೂತರು.

"ಆಂಟಿ, ಮಕ್ಕಳು ಎಲ್ಲಿದ್ದಾರೆ?" ಎಂದು ಒಬ್ಬರು ಕೇಳಿದರು.

"ಮಕ್ಕಳಿಲ್ಲಮ್ಮ."

"ಅಂಕಲ್ ಬಂದಿಲ್ವಾ?"

"ಅವರು ಹೋಗಿಬಿಟ್ರು."

ಬಿಸಿಬೇಳೆಬಾತು ಚೆನ್ನಾಗಿದೆ ಎಂದು ಯಾರೋ ಹೇಳಿದರು. ಕನ್ನಡ ಕೇಳಿದರೆ ಅಕ್ಕನಿಗೆ ಖುಷಿಯಾಗುತ್ತದೆ ಎಂದು ಕರೆದುಕೊಂಡು ಹೋಗಿದ್ದೆ. ಕಾರಿನಲ್ಲಿ ಬರುವಾಗ ಅವಳು, "ಹಳ್ಳೀಲಿ ನನ್ನನ್ನ ಯಾರೂ ಏನೂ ಕೇಳ್ತಿರಲಿಲ್ಲ. ಎಲ್ಲರಿಗೂ ಗೊತ್ತಿತ್ತಲ್ಲ," ಅಂದಳು.

ಸ್ವಲ್ಪ ದಿನ ಹ್ಯೂಸ್ಟನ್ನಿಗೆ ಹೋಗಿ ತಮ್ಮನ ಮನೆಯಲ್ಲಿದ್ದು ಬಂದಳು. ಅಲ್ಲಿ ಮನೆ ಇನ್ನೂ ದೊಡ್ಡದು, ಜನ ಇನ್ನೂ ಕಡಿಮೆ. ಅದೇ ಚಳಿಗಾಲದಲ್ಲಿ ನನ್ನ ಗಂಡನನ್ನು ಕಂಪನಿ ಲೇಆಫ್ ಮಾಡಿತು. ಡಲ್ಲಾಸಿನಲ್ಲಿ ಬೇರೆ ಕೆಲಸ ಸಿಗುವ ತನಕ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಮಾತಾಡುತ್ತಿರಲಿಲ್ಲ. ಶಿಫ್ಟ್ ಆಗಲು ಡಬ್ಬ ಕಟ್ಟುತ್ತಿದ್ದಾಗ ಅಕ್ಕನಿಗೆ ಪಕ್ಕದ ಮನೆಯಾಕೆಯಿಂದ ಫೋನು ಬಂತು. ಆ ರೈತರು ತೀರಿಕೊಂಡಿದ್ದರು. ಹಸುಗಳು ಹೋದ ಮೇಲೆ ಹೊಲ ಮಾರಿ ಪೇಟೆಯ ವೃದ್ಧಾಶ್ರಮ ಸೇರಿದ್ದರಂತೆ, ಅಲ್ಲಿ ನಿದ್ದೆಯಲ್ಲೇ ಹೋದರಂತೆ. ಫೋನು ಇಟ್ಟು ಅಕ್ಕ ನಾನು ಕಟ್ಟುತ್ತಿದ್ದ ಡಬ್ಬದ ಪಕ್ಕ ನೆಲದ ಮೇಲೆ ಕೂತಳು.

"ನಾನು ವಾಪಸ್ ಹೋಗ್ತೀನಿ," ಅಂದಳು.

"ಅಲ್ಲಿ ಯಾರಿದ್ದಾರೆ ಅಕ್ಕ?"

"ಯಾರೂ ಇಲ್ಲ. ಆದರೆ ಆ ಊರಿನವರು ಒಬ್ಬೊಬ್ಬರಾಗಿ ಸಾಯುವಾಗ ಅಲ್ಲಿರಬೇಕು ಅನ್ನಿಸುತ್ತೆ. ನಿನ್ನ ಭಾವ ಅಂತೂ ಇಲ್ಲವಲ್ಲ, ನಾನಾದರೂ."

ವೀಸಾ ಮುಗಿಯುವ ಮೊದಲೇ ಹೋದಳು. ತಡೆಯಲು ನಮ್ಮ ಬಳಿ ಏನೂ ಇರಲಿಲ್ಲ. ಬಾಡಿಗೆಯವರು ಬಿಡುವ ತನಕ ಪಕ್ಕದ ಮನೆಯಾಕೆಯ ಮಹಡಿಯ ಕೋಣೆಯಲ್ಲಿದ್ದಳು. ಆಮೇಲೆ ತನ್ನ ಮನೆ ಸೇರಿದಳು. ಯಾರಿಗಾದರೂ ಹುಷಾರಿಲ್ಲ ಅಂದರೆ ಸಾರು ತೆಗೆದುಕೊಂಡು ಹೋಗಿ ಪಕ್ಕದಲ್ಲಿ ಕೂರುತ್ತಿದ್ದಳಂತೆ. ಭಾನುವಾರ ನನಗೆ ಫೋನು ಮಾಡಿ ಯಾರು ಹೋದರು, ಯಾರು ಉಳಿದರು ಎಂದು ಹೇಳುತ್ತಿದ್ದಳು. ಆ ಹೆಸರುಗಳು ನನಗೆ ಗೊತ್ತಿರದಿದ್ದರೂ ಹೂಂಗುಟ್ಟುತ್ತಿದ್ದೆ. ಹೀಗೆ ಕೆಲವು ವರ್ಷ ನಡೆಯಿತು.

ಒಂದು ದಿನ ಡಲ್ಲಾಸಿನಲ್ಲಿ ನಾನು ಕೆಲಸದಲ್ಲಿದ್ದಾಗ ಪಕ್ಕದ ಮನೆಯಾಕೆ ಫೋನು ಮಾಡಿದರು. ಅಕ್ಕನಿಗೆ ಸ್ಟ್ರೋಕ್ ಆಗಿತ್ತು. ಜೀವಕ್ಕೆ ಅಪಾಯವಿಲ್ಲ, ಬಲಗೈ ಆಡುವುದಿಲ್ಲ ಅಂದರು. ಆಮೇಲೆ ತಡವರಿಸಿದರು. "ಮಾತಾಡುತ್ತಾಳೆ. ಆದರೆ ನಮಗೆ ಅರ್ಥವಾಗುತ್ತಿಲ್ಲ. ಮಾತು ಕೆಟ್ಟಿದೆ ಎಂದು ಡಾಕ್ಟರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ನೀವು ಕೇಳಿ." ಫೋನನ್ನು ಅಕ್ಕನ ಕಿವಿಗೆ ಹಿಡಿದರು.

"ಅಕ್ಕ," ಅಂದೆ.

"ಕಾಲು ತಣ್ಣಗಿದೆ ಕಣೇ. ಕಾಲುಚೀಲ ಕೊಡಿ ಅಂತ ಬೆಳಿಗ್ಗೆಯಿಂದ ಕೇಳ್ತಾ ಇದೀನಿ, ಯಾರೂ ಕೊಡ್ತಿಲ್ಲ," ಅಂದಳು. ದನಿ ತೊದಲುತ್ತಿತ್ತು, ಮಾತು ಸ್ಪಷ್ಟವಾಗಿತ್ತು. ಅವಳ ಇಂಗ್ಲಿಷು ಹೋಗಿತ್ತು. ಕನ್ನಡ ಉಳಿದಿತ್ತು. ತಾನು ಕನ್ನಡ ಆಡುತ್ತಿದ್ದೇನೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಇವರೆಲ್ಲ ಇಷ್ಟು ವರ್ಷ ಪರಿಚಯವಿದ್ದೂ ಯಾಕೆ ಹೀಗೆ ಮಾಡುತ್ತಿದ್ದಾರೆ ಎಂದು ನನ್ನನ್ನು ಕೇಳಿದಳು.

ಅಂದಿನಿಂದ ನಾನು ದಿನಾ ಊಟದ ಬಿಡುವಿನಲ್ಲಿ ಫೋನು ಮಾಡಿ ಅವಳು ಹೇಳಿದ್ದನ್ನು ನರ್ಸಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. ನೀರು ಬೇಕು. ದಿಂಬು ಎತ್ತರ ಸಾಲದು. ಕಿಟಕಿ ಮುಚ್ಚಿ. ರಜೆ ಸಿಕ್ಕಿದ ಕೂಡಲೇ ಹೊರಟೆ. ಪೇಟೆಯ ಸಣ್ಣ ಆಸ್ಪತ್ರೆ, ಆರು ಹಾಸಿಗೆಯ ವಾರ್ಡು. ಊರಿನವರು ದಿನಾ ಬಂದು ಹಾಸಿಗೆಯ ಪಕ್ಕ ಕೂರುತ್ತಿದ್ದರು. ಅವರು ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದರು, ಅಕ್ಕ ಕನ್ನಡದಲ್ಲಿ ಇನ್ನೇನೋ ಹೇಳುತ್ತಿದ್ದಳು, ಎರಡೂ ಕಡೆಯವರು ತಲೆಯಾಡಿಸುತ್ತಿದ್ದರು. ನಾನಿದ್ದಷ್ಟು ದಿನ ನಡುವೆ ಕೂತು ತಿಳಿಸಿಕೊಡುತ್ತಿದ್ದೆ. ರಜೆ ಮುಗಿಯುತ್ತ ಬಂದಾಗ ಪಕ್ಕದ ಮನೆಯಾಕೆ, "ನನಗೆ ಕೆಲವು ಪದ ಕಲಿಸಿ ಹೋಗಿ. ಸಂಗೀತದವಳು, ಕೇಳಿ ಕಲಿಯುತ್ತೇನೆ," ಅಂದರು. ನೀರು, ನೋವಾ, ಮಲಗು, ಸಾಕಾ. ಆಕೆಯ ಬಾಯಲ್ಲಿ ನೋವಾ ಎಂಬುದು ಹಾಡಿನ ಹಾಗೆ ಬರುತ್ತಿತ್ತು. ಅಕ್ಕನಿಗೆ ಮೊದಲ ಸಲ ಅದು ಕೇಳಿದಾಗ ನಗು ಬಂತು. ಅವಳ ಮುಖ ಒಂದೇ ಕಡೆ ನಕ್ಕಿತು.

ನಾನು ಡಲ್ಲಾಸಿಗೆ ಬಂದ ಮೇಲೆ ಎರಡನೆಯ ಸ್ಟ್ರೋಕ್ ಆಯಿತು. ಈ ಸಲ ಉಳಿಯಲಿಲ್ಲ. ಪಕ್ಕದ ಮನೆಯಾಕೆ ಕೊನೆಯ ತನಕ ಜೊತೆಯಲ್ಲಿದ್ದರು. ಸುದ್ದಿ ಹೇಳಿದ ಮೇಲೆ, ಅಕ್ಕ ಕೊನೆಗೆ ಒಂದು ಮಾತು ಹೇಳಿದಳು, ಎರಡು ಸಲ ಹೇಳಿದಳು ಅಂದರು. ಮರೆಯಬಾರದೆಂದು ದಾರಿಯುದ್ದಕ್ಕೂ ಅದನ್ನೇ ಹೇಳಿಕೊಳ್ಳುತ್ತ ಮನೆಗೆ ಬಂದರಂತೆ. ಫೋನಿನಲ್ಲಿ ನಿಧಾನವಾಗಿ ಹೇಳಿದರು. ನನಗೆ ಅದು ಯಾವ ಪದವೆಂದು ತಿಳಿಯಲಿಲ್ಲ. ಬಾಗಿಲು ಎಂದಂತೆ ಕೇಳಿತು, ಬಂದ್ರಾ ಎಂದಂತೆಯೂ ಕೇಳಿತು.

"ಇನ್ನೊಂದು ಸಲ ಹೇಳಿ," ಅಂದೆ.

ಹೇಳಿದರು. ಈ ಸಲ ಬೇರೆಯಾಗಿತ್ತು. ಮೂರನೆಯ ಸಲ ಹೇಳುವಷ್ಟರಲ್ಲಿ ಅವರಿಗೇ ಅನುಮಾನ ಬಂದು, ಕ್ಷಮಿಸಿ ಎಂದು ಅಳತೊಡಗಿದರು. ನನಗೆ ತಿಳಿದಿರಲಿಲ್ಲ, ಆದರೂ ತಿಳಿಯಿತು, ನೀವು ಸರಿಯಾಗಿಯೇ ಹೇಳಿದಿರಿ ಅಂದೆ. ಏನರ್ಥ ಎಂದು ಕೇಳಿದರು. ಬಂದ್ರಾ ಅಂದರೆ ಬಂದಿರಾ ಎಂದು, ನಿಮ್ಮನ್ನೇ ಕೇಳಿದ್ದು ಅಂದೆ. ಅವರು, "ಹೌದು, ನಾನು ಬಂದಿದ್ದೆ," ಅಂದರು.